ಕಥೆಗೆ ಸಾಕ್ಷಿ ಬೇಕೇ?



ನಿಮ್ಮ ಮನೆಯ ಮಗನೋ ಮಗಳೋ ಒಂದು ಐತಿಹಾಸಿಕ ಕಥೆ ಬರೆಯಲು ಕುಳಿತಿದ್ದಾರೆಂದು ಭಾವಿಸಿ. ವಸ್ತು ಒನಕೆ ಓಬವ್ವ. ಹಿಂದೆಯಾಗಿದ್ದರೆ ಚಿತ್ರದುರ್ಗದ ಬಸ್ಸು ಹತ್ತಬೇಕಿತ್ತು, ಗ್ರಂಥಾಲಯದಲ್ಲಿ ಧೂಳು ಕೊಡವಬೇಕಿತ್ತು, ಹಿರಿಯರ ಜಗುಲಿಯಲ್ಲಿ ಕೂರಬೇಕಿತ್ತು. ಇಂದು ಅಂತರ್ಜಾಲದಲ್ಲಿ ಆ ಹೆಸರನ್ನು ಬರೆದರೆ ಕೋಟೆ, ಕಿಂಡಿ, ಹೈದರಾಲಿಯ ಮುತ್ತಿಗೆ ಎಲ್ಲವೂ ಕ್ಷಣಮಾತ್ರದಲ್ಲಿ ಕಣ್ಣೆದುರಿಗೆ ಬರುತ್ತವೆ. "ಹೇಗೂ ಕಥೆ ತಾನೇ, ಇಷ್ಟು ಸಾಲದೇ?" ಎಂದು ಅವರು ಕೇಳಿದರೆ ನೀವು ಏನೆನ್ನುವಿರಿ?

ಅಂತರ್ಜಾಲವನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಬಿ. ಎಲ್. ರೈಸರು ಸಂಪಾದಿಸಿದ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇವೆರಡೂ ಒಂದು ಕಾಲಕ್ಕೆ ಕೆಲವೇ ಕಪಾಟುಗಳಲ್ಲಿದ್ದವು. ಇಂದು ಹೊಸದುರ್ಗದ ಶಾಲಾ ಬಾಲಕಿಯೂ ಅವನ್ನು ಮನೆಯಲ್ಲೇ ತೆರೆದು ಓದಬಲ್ಲಳು. ಇದು ಸಣ್ಣ ಉಪಕಾರವಲ್ಲ. ಹಿರಿಯೂರಿನ ವಾಣಿ ವಿಲಾಸ ಸಾಗರದ ಕೋಡಿ ಹರಿಯುವ ದೃಶ್ಯವನ್ನು 1950ರ ಕಥೆಯೊಂದರಲ್ಲಿ ತರಬೇಕೆನ್ನುವವನಿಗೆ, ಆ ಜಲಾಶಯ 1933ರಲ್ಲಿ ತುಂಬಿ ಹರಿದ ಬಳಿಕ ಮತ್ತೆ ತುಂಬಿದ್ದು 2022ರಲ್ಲಿ ಎಂಬುದನ್ನು ಅದೇ ಅಂತರ್ಜಾಲ ಎರಡು ನಿಮಿಷದಲ್ಲಿ ತಿಳಿಸಿ ಲೇಖನಿಯನ್ನು ತಡೆಯುತ್ತದೆ.

ತೊಡಕಿರುವುದು ಬೇರೆಡೆ. ಓಬವ್ವನ ಕಥೆಯನ್ನು ಹತ್ತು ಜಾಲತಾಣಗಳಲ್ಲಿ ಓದಿ ನೋಡಿ. ಕಾವಲಿನವನಾದ ಗಂಡ ಊಟಕ್ಕೆ ಕುಳಿತದ್ದು, ಅವಳು ನೀರು ತರಲು ಹೋದದ್ದು, ಕಿಂಡಿಯಲ್ಲಿ ತಲೆ ಕಂಡದ್ದು ಎಲ್ಲವೂ ಹೆಚ್ಚುಕಡಿಮೆ ಒಂದೇ ಮಾತುಗಳಲ್ಲಿ ಇರುತ್ತವೆ. ಒಂದು ಕಡೆ ಇದು 1779ರ ಮುತ್ತಿಗೆಯಲ್ಲಿ ನಡೆಯಿತೆಂದಿದ್ದರೆ, ಇನ್ನೊಂದು ಕಡೆ ಅದಕ್ಕೂ ಹಿಂದಿನ ಮುತ್ತಿಗೆಯಲ್ಲಿ ಎಂದಿರುತ್ತದೆ. ಹತ್ತು ಜನ ಹೇಳುತ್ತಿದ್ದಾರಲ್ಲ ಎಂದು ನಂಬಿಕೆ ಬಲಿಯುತ್ತದೆ. ಆದರೆ ಒಬ್ಬರನ್ನು ನೋಡಿ ಒಂಬತ್ತು ಮಂದಿ ನಕಲು ಮಾಡಿದ್ದರೆ ಅಲ್ಲಿರುವ ಸಾಕ್ಷಿ ಒಂದೇ. ದಾನಿಯೇಲನ ಗ್ರಂಥದ ಸುಸನ್ನಳ ಪ್ರಸಂಗ ನಿಮಗೆ ನೆನಪಿರಬಹುದು. ಇಬ್ಬರು ಹಿರಿಯರು ಒಂದೇ ಮಾತು ಹೇಳಿದ್ದರಿಂದ ಸಭೆಯೆಲ್ಲ ನಂಬಿತ್ತು. ಯುವಕ ದಾನಿಯೇಲನು ಅವರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬ ಒಂದು ಮರದ ಹೆಸರು ಹೇಳಿದ, ಮತ್ತೊಬ್ಬ ಇನ್ನೊಂದರ ಹೆಸರು ಹೇಳಿದ. ಅಂತರ್ಜಾಲದ ಮುಂದೆ ಕುಳಿತ ಕಥೆಗಾರನಿಗೂ ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಾಣೆ.

"ಕಾದಂಬರಿಕಾರರೆಲ್ಲ ಕಲ್ಪಿಸಿಕೊಂಡೇ ಬರೆದರಲ್ಲವೇ?" ಎಂದು ನೀವು ಕೇಳಬಹುದು. ನಿಜ. ತ. ರಾ. ಸುಬ್ಬರಾಯರು 1982ರಲ್ಲಿ ಪ್ರಕಟವಾದ 'ದುರ್ಗಾಸ್ತಮಾನ'ದಲ್ಲಿ ಮದಕರಿ ನಾಯಕನ ಅಂತರಂಗವನ್ನು ತೆರೆದಿಟ್ಟರು. ಅಂಥದ್ದು ಯಾವ ಶಾಸನದಲ್ಲಿಯೂ ಸಿಗುವುದಿಲ್ಲ. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಲ್ಲಿ ಮೋಸವೇನೂ ಇಲ್ಲ, ಏಕೆಂದರೆ ಅದು ಕಾದಂಬರಿಯೆಂದೇ ಓದುಗನ ಕೈಗೆ ಬರುತ್ತದೆ. ಅದೇ ಸಾಲು ಜಾಲತಾಣಕ್ಕೆ ಹೋದಾಗ ಕಾದಂಬರಿಯೆಂಬ ಹೆಸರು ಕಳಚಿ ಬೀಳುತ್ತದೆ; ಮುಂದಿನ ಲೇಖಕ ಅದನ್ನು ಚರಿತ್ರೆಯೆಂದು ಎತ್ತಿಕೊಳ್ಳುತ್ತಾನೆ. 1972ರ 'ನಾಗರಹಾವು' ಚಿತ್ರದ ಹಾಡಿನಲ್ಲಿ ಜಯಂತಿಯವರು ಓಬವ್ವನಾಗಿ ಕಂಡ ಮೇಲೆ, ಓಬವ್ವ ಎಂದೊಡನೆ ನಮ್ಮಲ್ಲಿ ಎಷ್ಟೋ ಜನರಿಗೆ ಆ ಮುಖವೇ ಕಣ್ಣಿಗೆ ಬರುತ್ತದೆ. ಅದು ಕಲಾವಿದೆಯ ಹಿರಿಮೆ. ಆ ಉಡುಗೆಯನ್ನೇ ಹದಿನೆಂಟನೆಯ ಶತಮಾನದ ಉಡುಗೆಯೆಂದು ಕಥೆಯಲ್ಲಿ ಬರೆದರೆ ಅದು ನಮ್ಮ ಸೋಮಾರಿತನ.

ಇದರಿಂದ ಯಾರಿಗೆ ನಷ್ಟ? ಸತ್ತವರು ಎದ್ದು ಬಂದು ಪ್ರತಿಭಟಿಸಲಾರರು. ಅವರ ಮಾನ ಬರೆಯುವವನ ಕೈಯಲ್ಲಿದೆ. ಬದುಕಿರುವವರಿಗೂ ನಷ್ಟವಿದೆ. ಹೈದರನ ಸೈನ್ಯದ ಬಗ್ಗೆ ಹುಡುಕಿದವನಿಗೆ ಚರಿತ್ರೆಗಿಂತ ಮೊದಲು ಸಿಟ್ಟಿನ ಬರಹಗಳೇ ಎದುರಾಗುತ್ತವೆ. ಆ ಸಿಟ್ಟನ್ನು ಪಾತ್ರಗಳ ಬಾಯಲ್ಲಿಟ್ಟರೆ, ಅದು ಇಂದು ಅದೇ ದುರ್ಗದಲ್ಲಿ ಅಂಗಡಿ ಇಟ್ಟುಕೊಂಡು, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾ ಬದುಕುವವರ ಮೇಲೆ ಹೋಗಿ ಬೀಳುತ್ತದೆ. ಕಿಂಡಿಯಲ್ಲಿ ತಲೆ ತೂರಿಸಿದ ಸೈನಿಕನಿಗೂ ಎಲ್ಲೋ ಒಬ್ಬ ತಾಯಿ ಇದ್ದಳು ಎಂದು ನೆನೆದ ಕಥೆಯನ್ನು ನಾನಂತೂ ಇನ್ನೂ ಓದಿಲ್ಲ.

ಹಾಗಾದರೆ ಕಲ್ಪನೆಯ ಹಕ್ಕು ಎಲ್ಲಿಂದ ಆರಂಭವಾಗುತ್ತದೆ? ತಿಳಿಯಲು ಸಾಧ್ಯವಿದ್ದದ್ದನ್ನೆಲ್ಲ ತಿಳಿದ ಮೇಲೆ ಎಂಬುದು ನನ್ನ ಅಭಿಪ್ರಾಯ. ಹುಡುಕಿ ದಣಿದದ್ದು ಬೇರೆ, ಹುಡುಕದೆ ಬಿಟ್ಟದ್ದು ಬೇರೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೋಟೆಯ ಬಂಡೆ ಎಷ್ಟು ಕಾಯುತ್ತದೆಂಬುದನ್ನು ಪರದೆ ಹೇಳದು. ಅದಕ್ಕೆ ಅಲ್ಲಿಗೇ ಹೋಗಬೇಕು. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಕೆಲಸ ಮಾಡುವ ಹೆಂಗಸು ತನ್ನ ಸೊಸೆಯನ್ನು ಹೇಗೆ ಕೂಗಿ ಕರೆಯುತ್ತಾಳೆಂಬುದು ಯಾವ ಜಾಲತಾಣದಲ್ಲಿದೆ? ಕೇಳಿಸಿಕೊಳ್ಳುವ ಕಿವಿ ಬೇಕು.

ಇನ್ನೊಂದು ಸಂಗತಿಯಿದೆ. 1779ರಲ್ಲಿ ದುರ್ಗ ಬಿದ್ದಾಗ ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನೊಂದಿಗೆ ಸುಮಾರು 20,000 ಬೇಡ ಜನರನ್ನು ಆ ದ್ವೀಪಕ್ಕೆ ಸಾಗಿಸಿ, ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದರೆಂದು ರೈಸರ ಗೆಜೆಟಿಯರಿನಲ್ಲಿದೆ. ಒಂದು ಕಿಂಡಿಯ ಬಗ್ಗೆ ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟು ಪುಟಗಳು. ಇಷ್ಟು ಜನರ ವಲಸೆಯ ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು. ಅವರು ಎಷ್ಟು ದಿನ ನಡೆದರು, ದಾರಿಯಲ್ಲಿ ಹೆತ್ತವರು ಎಷ್ಟು ಮಂದಿ, ಮಗನನ್ನು ಪಡೆಗೆ ಸೇರಿಸಿಕೊಂಡ ದಿನ ತಾಯಿ ಏನೆಂದಳು, ಅವನು ಮುಂದೊಂದು ದಿನ ಅವಳ ಮುಂದೆ ಬಂದು ನಿಂತಾಗ ಅವಳಿಗೆ ಗುರುತು ಸಿಕ್ಕಿತೇ? ನಿಮ್ಮ ಮನೆಯಲ್ಲಿ ಕಥೆ ಬರೆಯಲು ಹಂಬಲಿಸುವವರಿದ್ದರೆ ಈ ಸಾಲನ್ನು ಅವರಿಗೆ ತೋರಿಸಿ.