ಬಸ್ಸಿನ ಮೈಮೇಲೆ ನಾಸ್ತಿಕರ ಮಾತು

2008ರಲ್ಲಿ ಲಂಡನ್ನಿನ ಹಾಸ್ಯ ಬರಹಗಾರ್ತಿ ಏರಿಯಾನ್ ಶೆರೀನ್ ಅವರ ಕಣ್ಣಿಗೆ ಒಂದು ಬಸ್ ಜಾಹೀರಾತು ಬಿತ್ತು. ಬೈಬಲ್ಲಿನ ಒಂದು ವಾಕ್ಯ, ಅದರ ಜೊತೆಗೆ ಜಾಲತಾಣದ ವಿಳಾಸ. ತಾಣ ತೆರೆದರೆ, ಕ್ರಿಸ್ತನನ್ನು ನಂಬದವರಿಗೆ ನರಕದಲ್ಲಿ ಕೊನೆಯಿಲ್ಲದ ಯಾತನೆ ಕಾದಿದೆ ಎಂಬ ಎಚ್ಚರಿಕೆ. ಇದಕ್ಕೆ ಉತ್ತರವೂ ಬಸ್ಸಿನ ಮೇಲೆಯೇ ಬರಲಿ ಎಂದು ಅವರು ಗಾರ್ಡಿಯನ್ ತಾಣದಲ್ಲಿ ಬರೆದರು. ಕೂಡಿಸಬೇಕೆಂದುಕೊಂಡ ಹಣ 5,500 ಪೌಂಡ್. ಬಂದದ್ದು ಒಂದೂವರೆ ಲಕ್ಷ ಪೌಂಡಿಗೂ ಹೆಚ್ಚು. 2009ರ ಜನವರಿಯಲ್ಲಿ ಬ್ರಿಟನ್ನಿನ 800 ಬಸ್ಸುಗಳು "ದೇವರು ಬಹುಶಃ ಇಲ್ಲ. ಚಿಂತೆ ಬಿಡಿ, ಬದುಕನ್ನು ಸವಿಯಿರಿ" ಎಂಬ ಬರಹ ಹೊತ್ತು ಓಡಿದವು.

ಮುನ್ನೂರಕ್ಕೂ ಹೆಚ್ಚು ದೂರುಗಳು ಬಂದವು. ಜಾಹೀರಾತು ಮಾನದಂಡ ಪ್ರಾಧಿಕಾರ ಅವನ್ನು ಒಪ್ಪಲಿಲ್ಲ: ಇದು ಜಾಹೀರಾತುದಾರರ ಅಭಿಪ್ರಾಯ, ಪುರಾವೆ ಕೇಳುವಂಥ ಹೇಳಿಕೆಯಲ್ಲ, ಇದರಿಂದ ಕೆಲವರ ಮನಸ್ಸಿಗೆ ನೋವಾಗಬಹುದಾದರೂ ವ್ಯಾಪಕವಾದ ನೋವೇನೂ ಆಗದು ಎಂಬುದು ಅದರ ನಿಲುವು. ಮುಂದಿನ ತಿಂಗಳೇ ಕ್ರಿಶ್ಚಿಯನ್ ಪಾರ್ಟಿ "ದೇವರು ಖಂಡಿತ ಇದ್ದಾನೆ" ಎಂಬ ಎದುರು ಜಾಹೀರಾತು ತಂದಿತು. ಅದರ ಮೇಲೆ 1,204 ದೂರುಗಳು ಬಿದ್ದವು. ಅದೂ ರಸ್ತೆಯಲ್ಲೇ ಉಳಿಯಿತು. ಆದರೆ ಕಾರಣ ಬೇರೆ: ರಾಜಕೀಯ ಪಕ್ಷದ ಜಾಹೀರಾತು ಪ್ರಾಧಿಕಾರದ ವ್ಯಾಪ್ತಿಗೇ ಬರುತ್ತಿರಲಿಲ್ಲ.

ಇಲ್ಲೊಂದು ಹಳೆಯ ತಾತ್ತ್ವಿಕ ಪ್ರಶ್ನೆಯಿದೆ. ಮಾತಾಡಿದ್ದಕ್ಕೆ ಶಿಕ್ಷೆಯಾಗದಿದ್ದರೆ ವಾಕ್‌ಸ್ವಾತಂತ್ರ್ಯ ಸಿಕ್ಕಂತಾಯಿತೇ? ಅಥವಾ ಆ ಮಾತು ನಾಲ್ಕು ಜನರನ್ನು ಮುಟ್ಟಲು ಜಾಗವೂ ಇರಬೇಕೇ?

ಮೊದಲನೆಯದೇ ಸುಲಭಕ್ಕೆ ಸಿಕ್ಕಿದ್ದಲ್ಲ. ಸಹಿಷ್ಣುತೆಯ ಪರವಾಗಿ 1689ರಲ್ಲಿ ಪತ್ರ ಪ್ರಕಟಿಸಿದ ಜಾನ್ ಲಾಕ್ ಕೂಡ ನಾಸ್ತಿಕರನ್ನು ಹೊರಗಿಟ್ಟ. ದೇವರ ಭಯವಿಲ್ಲದವನ ಆಣೆ, ಕರಾರುಗಳನ್ನು ನಂಬುವುದು ಹೇಗೆ ಎಂಬುದು ಅವನ ವಾದ. ಆ ಶಂಕೆ ಎರಡು ಶತಮಾನ ಬಾಳಿತು. ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಸಂಸತ್ತಿಗೆ ಆರಿಸಿ ಬಂದರೂ, ಪ್ರಮಾಣವಚನದ ತಕರಾರಿನಿಂದಾಗಿ ಸ್ಥಾನ ಭದ್ರವಾಗಲು 1886ರವರೆಗೆ ಕಾಯಬೇಕಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೈವನಿಂದನೆಯ ಅಪರಾಧ ಕಾನೂನಿನಿಂದ ಅಳಿದದ್ದು 2008ರಲ್ಲಿ, ಶೆರೀನ್ ಅವರ ಬಸ್ಸು ಹೊರಡುವ ಕೆಲವೇ ತಿಂಗಳು ಮುಂಚೆ.

ಜಾನ್ ಸ್ಟುವರ್ಟ್ ಮಿಲ್ ತನ್ನ 1859ರ 'ಆನ್ ಲಿಬರ್ಟಿ'ಯಲ್ಲಿ ಒಂದು ಪ್ರಸಂಗ ನೆನೆಯುತ್ತಾನೆ. ಎರಡು ವರ್ಷ ಮುಂಚೆ ಕಾರ್ನ್‌ವಾಲ್‌ನಲ್ಲಿ ಬಾವಿ ತೋಡುವ ಬಡವನೊಬ್ಬ ಗೇಟಿನ ಮೇಲೆ ಕ್ರೈಸ್ತಧರ್ಮವನ್ನು ಹಳಿದು ಬರೆದದ್ದಕ್ಕೆ 21 ತಿಂಗಳ ಸೆರೆವಾಸ ವಿಧಿಸಲಾಗಿತ್ತು. ಕೊನೆಗೆ ಕ್ಷಮಾದಾನ ಸಿಕ್ಕಿತು. ಆದರೆ ಮಿಲ್‌ಗೆ ಜೈಲಿಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು: ಸಮಾಜದ ದಬ್ಬಾಳಿಕೆ. ಕಾನೂನು ಕೈಬಿಟ್ಟರೂ ನೆರೆಹೊರೆಯವರು, ಕೆಲಸ ಕೊಡುವವರು, ಗಿರಾಕಿಗಳು ಮುಖ ತಿರುಗಿಸಿದರೆ ಮನುಷ್ಯ ತಾನೇ ಬಾಯಿ ಕಟ್ಟಿಕೊಳ್ಳುತ್ತಾನೆ. ಅನ್ನ ಸಂಪಾದಿಸುವ ದಾರಿ ಮುಚ್ಚುವುದು ಸೆರೆಗೆ ತಳ್ಳಿದಷ್ಟೇ ಪರಿಣಾಮಕಾರಿ ಎಂದು ಅವನು ಕಂಡಿದ್ದ.

ಜಾಹೀರಾತಿನ ಲೋಕದಲ್ಲಿ ಈ ಮಾತಿಗೆ ಸಾಕ್ಷಿ ಬೇಕಾದಷ್ಟಿದೆ. 2009ರಲ್ಲಿ ಇಟಲಿಯ ಜೆನೋವಾ ನಗರದ ಬಸ್ಸುಗಳಿಗೆ ನಾಸ್ತಿಕರ ಸಂಘವೊಂದು ಇಂಥದೇ ಬರಹ ಕಳಿಸಿದಾಗ ಜಾಹೀರಾತು ಕಂಪನಿ ನಿರಾಕರಿಸಿತು. ಯಾರನ್ನೂ ಬಂಧಿಸಲಿಲ್ಲ, ಯಾವ ಪುಸ್ತಕವನ್ನೂ ಮುಟ್ಟುಗೋಲು ಹಾಕಲಿಲ್ಲ. ಆದರೂ ಆ ಮಾತು ಅಂದು ರಸ್ತೆಗಿಳಿಯಲಿಲ್ಲ.

ಕಂಪನಿಯ ಪಕ್ಷವನ್ನೂ ಲಘುವಾಗಿ ತಳ್ಳಿಹಾಕುವಂತಿಲ್ಲ. ತನಗೆ ಒಪ್ಪಿಗೆಯಿಲ್ಲದ ಮಾತನ್ನು ತನ್ನ ಗೋಡೆಯ ಮೇಲೆ ಬರೆಸಿಕೊಳ್ಳದಿರುವುದೂ ಸ್ವಾತಂತ್ರ್ಯವೇ. ನಾಸ್ತಿಕ ಪತ್ರಿಕೆಯೊಂದು ಚರ್ಚಿನ ಜಾಹೀರಾತು ಬೇಡವೆಂದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಊರಿನ ಬಸ್ಸುಗಳ ಜಾಹೀರಾತು ಒಂದೇ ಕಂಪನಿಯ ಕೈಯಲ್ಲಿದ್ದರೆ, ಅದರ 'ಬೇಡ' ಇಡೀ ಊರಿನ 'ಬೇಡ' ಆಗಿಬಿಡುತ್ತದೆ.

ಸರ್ಕಾರವೇ ಬಸ್ಸಿನ ಒಡೆಯನಾದರೆ ಲೆಕ್ಕ ಬೇರೆ. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಕವಾನ ಕೌಂಟಿಯಲ್ಲಿ ಮುಕ್ತಚಿಂತಕರ ಸಂಘವೊಂದು 2012ರಲ್ಲಿ ಸಾರಿಗೆ ಸಂಸ್ಥೆಗೆ ಒಂದು ಜಾಹೀರಾತು ಕೊಟ್ಟಿತು. ಅದರಲ್ಲಿದ್ದದ್ದು 'ನಾಸ್ತಿಕರು' ಎಂಬ ಒಂದೇ ಪದ, ಜೊತೆಗೆ ಸಂಘದ ಹೆಸರು, ಜಾಲತಾಣದ ವಿಳಾಸ. ಯಾರನ್ನೂ ಹಳಿದಿರಲಿಲ್ಲ, ಯಾವ ವಾದವನ್ನೂ ಹೂಡಿರಲಿಲ್ಲ. ಆದರೂ ವಿವಾದವಾದೀತೆಂದು ಸಂಸ್ಥೆ ತಿರಸ್ಕರಿಸಿತು. 2019ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸಂಘದ ಪರ ತೀರ್ಪಿತ್ತಿತು. ನ್ಯಾಯಾಲಯ ಕಂಡ ದೋಷ ದೃಷ್ಟಿಕೋನದ ತಾರತಮ್ಯ, ಅಂದರೆ ಒಂದು ನಿಲುವಿನಿಂದ ಆಡಿದ ಮಾತನ್ನು ಆ ನಿಲುವಿನ ಕಾರಣಕ್ಕೇ ಹೊರಗಿಡುವುದು.

ಧರ್ಮದ ವಿಷಯವನ್ನೇ ಪೂರ್ತಿ ಹೊರಗಿಟ್ಟರೆ? ವಾಷಿಂಗ್ಟನ್ನಿನ ಸಾರಿಗೆ ಸಂಸ್ಥೆ ಕ್ಯಾಥೊಲಿಕ್ ಆರ್ಚ್‌ಡಯಾಸಿಸ್‌ನ ಕ್ರಿಸ್ಮಸ್ ಜಾಹೀರಾತು ನಿರಾಕರಿಸಿದಾಗ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಸಂಸ್ಥೆಯನ್ನೇ ಎತ್ತಿಹಿಡಿಯಿತು: ವಿಷಯವನ್ನು ಎಲ್ಲರಿಗೂ ಸಮಾನವಾಗಿ ನಿಷೇಧಿಸಿದರೆ ಅದು ತಾರತಮ್ಯವಲ್ಲ. ಎರಡು ನ್ಯಾಯಾಲಯಗಳು ಎರಡು ದಿಕ್ಕಿಗೆ ಹೋದದ್ದೇ ಈ ಗೆರೆ ಎಷ್ಟು ಸೂಕ್ಷ್ಮವೆಂದು ಹೇಳುತ್ತದೆ. ಮೌನವನ್ನು ಸಮನಾಗಿ ಹಂಚಿದರೂ ನಷ್ಟ ಸಮನಲ್ಲ. ಚರ್ಚಿಗೆ ಗೋಪುರವಿದೆ, ಗಂಟೆಯಿದೆ, ಭಾನುವಾರದ ಸಭೆಯಿದೆ. ನಾಸ್ತಿಕನಿಗೆ ಸಾರ್ವಜನಿಕ ಜಾಗಗಳು ಕಡಿಮೆ.

ಖಾಸಗಿಯವರ ಮೇಲೆ ಆ ತೀರ್ಪುಗಳ ಹಿಡಿತವಿಲ್ಲ, ಆದರೆ ಅದೇ ಅಳತೆಯಿಂದ ಅವರನ್ನೂ ಅಳೆಯಬಹುದು. 2015ರಲ್ಲಿ ಬ್ರಿಟನ್ನಿನ ಸಿನಿಮಾ ಜಾಹೀರಾತು ಕಂಪನಿಯೊಂದು ಚರ್ಚ್ ಆಫ್ ಇಂಗ್ಲೆಂಡಿನ ಪ್ರಾರ್ಥನೆಯ ಜಾಹೀರಾತನ್ನು ಪ್ರೇಕ್ಷಕರ ಮನಸ್ಸು ನೋಯಬಹುದೆಂದು ಒಪ್ಪಲಿಲ್ಲ. ಆಗ ಚರ್ಚಿನ ಪರ ದನಿಯೆತ್ತಿದವರಲ್ಲಿ ನಾಸ್ತಿಕ ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಒಬ್ಬರು. ಶೆರೀನ್ ಅವರ ಬಸ್ ಅಭಿಯಾನಕ್ಕೆ ಹಣ ಕೊಟ್ಟವರಲ್ಲೂ ಅವರಿದ್ದರು. ಯಾರಿಗೋ ನೋವಾದೀತೆಂಬ ಭಯಕ್ಕೆ ಮಾತನ್ನು ತಡೆಯಬಾರದೆಂಬ ತತ್ತ್ವವನ್ನು ಎದುರಾಳಿಯ ವಿಷಯದಲ್ಲೂ ಪಾಲಿಸಿದ್ದು ಮೆಚ್ಚತಕ್ಕ ನಡೆ.

ಜನಾಭಿಪ್ರಾಯವೂ ನಿಂತ ನೀರಲ್ಲ. ಅರ್ಹ ನಾಸ್ತಿಕ ಅಭ್ಯರ್ಥಿಯನ್ನು ಅಧ್ಯಕ್ಷ ಸ್ಥಾನಕ್ಕೆ ಆರಿಸಲು ಸಿದ್ಧವೆಂದು ಗ್ಯಾಲಪ್ ಸಮೀಕ್ಷೆಗೆ 1958ರಲ್ಲಿ ಹೇಳಿದ ಅಮೆರಿಕನ್ನರು ಶೇ 18. 2019ರಲ್ಲಿ ಶೇ 60. ಅದೇ ವರ್ಷ ಕ್ಯಾಥೊಲಿಕ್ ಅಭ್ಯರ್ಥಿಗೆ ಒಪ್ಪಿದವರು ಶೇ 90 ದಾಟಿದ್ದರು. ಈ ಅಂತರವಿರುವಷ್ಟು ಕಾಲ, ಜನ ಸಿಟ್ಟಾದಾರೆಂಬ ಜಾಹೀರಾತು ಕಂಪನಿಗಳ ಅಳುಕಿನ ಹೊರೆ ನಾಸ್ತಿಕರ ಮೇಲೆಯೇ ಹೆಚ್ಚು ಬೀಳುತ್ತದೆ.