ವಸಂತದ ಚಿಗುರು ಮತ್ತು ಶ್ರಾವಕನ ಅಪ್ರಮಾದ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ವ್ರತಿಗಳನ್ನು ಗುರುತಿಸಿದ ಪ್ರಸಂಗವೊಂದಿದೆ. ದಿಗ್ವಿಜಯದಿಂದ ಬಂದ ಸಂಪತ್ತನ್ನು ಯೋಗ್ಯ ಗೃಹಸ್ಥರಿಗೆ ದಾನಮಾಡಬಯಸಿದ ಆತನು ಜನರನ್ನು ಅರಮನೆಗೆ ಆಹ್ವಾನಿಸಿ, ಅಂಗಳದ ತುಂಬ ಹಸುರು ಮೊಳಕೆ, ಹೂವು, ಹಣ್ಣುಗಳನ್ನು ಹರಡಿಸಿದನು. ಅವ್ರತಿಗಳು ಅವನ್ನು ತುಳಿದುಕೊಂಡೇ ಒಳಗೆ ಬಂದರು. ಕೆಲವರು ಮಾತ್ರ ಹೊರಗೆ ನಿಂತರು. ಕಾರಣ ಕೇಳಲಾಗಿ, ಪರ್ವದಿನದಲ್ಲಿ ಚಿಗುರು, ಎಲೆ, ಹೂಗಳಿಗೆ ಘಾತವೆಸಗುವುದು ತಮಗೆ ಸಲ್ಲದೆಂದೂ ಹಸುರಿನಲ್ಲಿ ಅನಂತ ಜೀವಗಳಿವೆಯೆಂದೂ ಬಿನ್ನವಿಸಿದರು. ಚಕ್ರವರ್ತಿಯು ಅವರನ್ನು ಪ್ರಾಸುಕವಾದ ಬೇರೆ ದಾರಿಯಿಂದ ಬರಮಾಡಿಕೊಂಡು ಸತ್ಕರಿಸಿದನು. ಅವರ ವ್ರತವು ಲೋಕಕ್ಕೆ ತಿಳಿದುಬಂದದ್ದು ಅವರು ಇಡದೆ ಉಳಿಸಿದ ಒಂದು ಹೆಜ್ಜೆಯಿಂದ.

ಆ ಅಂಗಳವು ಇಂದಿಗೂ ವರ್ಷವರ್ಷವೂ ನಮ್ಮ ಮುಂದೆ ಹರಡಿಕೊಳ್ಳುತ್ತದೆ. ಫಾಲ್ಗುಣ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಅಷ್ಟಾಹ್ನಿಕ ಪರ್ವ. ಚೈತ್ರ ಶುದ್ಧ ತ್ರಯೋದಶಿಗೆ ಮಹಾವೀರ ಜಯಂತಿ. ವೈಶಾಖ ಶುದ್ಧ ತದಿಗೆಗೆ ಅಕ್ಷಯ ತೃತೀಯಾ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶ್ರಾವಕರ ಮನೆಗಳಲ್ಲಿ ಉಪವಾಸ, ಏಕಾಶನಗಳು ನಡೆಯುವ ಇದೇ ದಿನಗಳಲ್ಲಿ ಊರೊಳಗಿನ ಬೇವು ಎಲೆಯುದುರಿಸಿ ಹೂಬಿಡುತ್ತದೆ, ಅರಳಿಯು ತಾಮ್ರವರ್ಣದ ಚಿಗುರು ತಳೆಯುತ್ತದೆ. ಊರಿನ ಮರಗಳಿಗೆ ಕಷ್ಟದ ಕಾಲವೂ ಇದೇ. ಉದುರಿದ ಎಲೆಗಳನ್ನು ಗುಡಿಸಿ ಬುಡದಲ್ಲಿಯೇ ಬೆಂಕಿ ಹಚ್ಚುವರು. ಕಬ್ಬು ಕಡಿದ ಹೊಲದ ರವದಿಗೆ ಇಟ್ಟ ಬೆಂಕಿಯು ರಸ್ತೆಬದಿಯ ಮರಗಳನ್ನು ಸುಡುವುದು. ಅಷ್ಟಾಹ್ನಿಕ ಮುಗಿಯುವ ಹುಣ್ಣಿಮೆಯೇ ಹೋಳಿ ಹುಣ್ಣಿಮೆ. ಅಂದು ಹಸಿಯ ಕೊಂಬೆ ಕಡಿದು ತರುವ ಓಣಿಯ ಹುಡುಗರಲ್ಲಿ, ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕಕ್ಕೆ ಕೈಮುಗಿದು ಬಂದ ನಮ್ಮ ಮಕ್ಕಳೂ ಇರಬಹುದು. ಅಂಗಳಕ್ಕೆ ಫರಸಿ ಹಾಸುವಾಗ ಮರದ ಬುಡವನ್ನು ಬಿಗಿದು ಸಿಮೆಂಟು ಬಳಿಯುವ ರೂಢಿಗೆ ಧರ್ಮಸ್ಥಾನಗಳೂ ಹೊರತಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಕೊನೆಯದಾದ ಪ್ರಮಾದಚರ್ಯೆಯಲ್ಲಿ ಪ್ರಯೋಜನವಿಲ್ಲದೆ ನೆಲವಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಸೇರಿವೆ. ಎಲೆಯ ರಾಶಿಯನ್ನೇ ವಿಚಾರಿಸೋಣ. ಅದರಡಿಯಲ್ಲಿ ದ್ವೀಂದ್ರಿಯವಾದ ಎರೆಹುಳು, ತ್ರೀಂದ್ರಿಯವಾದ ಇರುವೆ, ಚತುರಿಂದ್ರಿಯವಾದ ಪತಂಗಗಳು ಆಶ್ರಯ ಪಡೆದಿರುತ್ತವೆ. ಬೆಂಕಿಯಿಡುವವನಿಗೆ ಕೊಲ್ಲುವ ಸಂಕಲ್ಪವಿಲ್ಲ, ನಿಜ; ಆದರೆ ಸುಡುವುದರಿಂದ ಪ್ರಯೋಜನವೂ ಇಲ್ಲ. ಅದೇ ಎಲೆಯನ್ನು ಮರದ ಸುತ್ತ ಹರಡಿ ಬಿಟ್ಟರೆ ಬೇಸಿಗೆಯ ನೆಲ ತಂಪಾಗಿ ಉಳಿಯುತ್ತದೆ, ಜೀವಗಳೂ ಉಳಿಯುತ್ತವೆ. ಕಸವನ್ನು ಬೀದಿಯಲ್ಲಿ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದುವು. ಶ್ರಾವಕನಿಗೆ ಈ ವಿಧಿಯು ಬಹು ಹಿಂದೆಯೇ ವ್ರತರೂಪವಾಗಿ ದೊರೆತಿತ್ತು.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಮರ ಕಡಿಯದಿರುವುದು ಸರಿ. ಆದರೆ ಮರ ನೆಟ್ಟು ಸಾಕುವುದು ಆರಂಭವಲ್ಲವೇ? ಗುಂಡಿ ತೋಡಿದರೆ ಪೃಥ್ವೀಕಾಯಕ್ಕೂ ಅದರೊಳಗಿನ ಹುಳುಗಳಿಗೂ ಬಾಧೆ, ನೀರೆರೆದರೆ ಅಪ್ಕಾಯಕ್ಕೆ ಬಾಧೆ. ಹಾಗಿರುವಾಗ ಪರ್ವಕಾಲದಲ್ಲಿ ಸುಮ್ಮನೆ ಕುಳಿತು ಜಪ ಮಾಡುವುದೇ ಶ್ರೇಯಸ್ಕರವಲ್ಲವೇ? ಈ ಶಂಕೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಎಂಟನೆಯದಾದ ಆರಂಭತ್ಯಾಗ ಪ್ರತಿಮೆಯನ್ನು ಧರಿಸಿದವನಿಗೆ ಗುದ್ದಲಿ ಹಿಡಿಯುವ ಕೆಲಸ ಸಲ್ಲದು. ಅವನಿಂದ ಅದನ್ನು ಯಾರೂ ಅಪೇಕ್ಷಿಸಬಾರದು. ಆದರೆ ಒಲೆಯುರಿಸುವ, ಮನೆ ಕಟ್ಟಿಸುವ, ಕಬ್ಬು ಬೆಳೆಯುವ ಗೃಹಸ್ಥನು ತನ್ನ ಲಾಭದ ಆರಂಭಗಳಲ್ಲಿ ಕಾಣದ ದೋಷವನ್ನು ಮರಕ್ಕೆ ನೀರೆರೆಯುವಲ್ಲಿ ಮಾತ್ರ ಕಂಡರೆ, ಅದು ಆಲಸ್ಯವು ಧರ್ಮದ ವೇಷ ಧರಿಸಿದಂತೆ.

ಸಮಾಧಾನವು ತತ್ತ್ವಾರ್ಥಸೂತ್ರದಲ್ಲಿದೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದೊಡನೆ ಪ್ರಮಾದವನ್ನು ಕಾರಣವಾಗಿ ಇರಿಸಿದ್ದಾರೆ. ಎಂದಮೇಲೆ ಅಹಿಂಸೆಯ ಪ್ರಾಣವು ಅಪ್ರಮಾದ, ಅಂದರೆ ಎಚ್ಚರ. ಬಸದಿಯ ಶಿಖರದ ಸಂದಿಯಲ್ಲಿ ಹಕ್ಕಿ ತಂದ ಬೀಜದಿಂದ ಅರಳಿಯ ಸಸಿ ಹುಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಎರಡೆಲೆಯ ಸಸಿಯಾಗಿರುವಾಗಲೇ ಬೇರುಸಹಿತ ಬಿಡಿಸಿ ನೆಲದಲ್ಲಿ ನೆಟ್ಟರೆ ಅಲ್ಪಬಾಧೆ. ಹತ್ತು ವರ್ಷ ನೋಡುತ್ತ ಕುಳಿತು, ಗೋಡೆ ಬಿರಿದ ಮೇಲೆ ಕೊಡಲಿ ತಂದರೆ ಮರವೂ ಹೋಯಿತು, ಅದರಲ್ಲಿ ಗೂಡು ಕಟ್ಟಿದ ಹಕ್ಕಿಗಳೂ ಹೋದವು, ಶಿಖರವೂ ಕೆಟ್ಟಿತು. ಇಲ್ಲಿ ಹಿಂಸೆಯನ್ನು ಬೆಳೆಸಿದ್ದು ಏನೂ ಮಾಡದಿದ್ದ ಆ ಹತ್ತು ವರ್ಷಗಳು. ಹಾಗೆಂದು ನೆಟ್ಟಲ್ಲೆಲ್ಲ ಪುಣ್ಯವೆಂದು ಭ್ರಮಿಸಲೂ ಆಗದು. ಸಮಾರಂಭಕ್ಕಾಗಿ ನೂರು ಗುಂಡಿ ತೋಡಿ, ಒಂದು ಬೇಸಿಗೆಯಲ್ಲಿ ನೂರು ಸಸಿಗಳನ್ನೂ ಒಣಗಿಸುವುದು ನಿಷ್ಫಲ ಆರಂಭ. ಸಾಕಲು ಶಕ್ತಿಯಿದ್ದಷ್ಟನ್ನೇ ನೆಡುವುದು ಪರಿಮಾಣ.

ನಮ್ಮ ಮನೆಗಳಲ್ಲಿ ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ ಎಂಬ ಪಂಚ ಉದುಂಬರಗಳ ಫಲತ್ಯಾಗವು ಬಾಲ್ಯದಿಂದಲೇ ಬಂದಿದೆ. ಆ ಫಲಗಳೊಳಗೆ ತ್ರಸಜೀವಿಗಳಿವೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿದ್ದಾರೆ. ಅತ್ತಿಯ ಜಾತಿಯ ಮರಗಳ ಪರಾಗಸ್ಪರ್ಶವು ಕಾಯಿಯೊಳಗೆ ಹೊಕ್ಕು ಮೊಟ್ಟೆಯಿಡುವ ಸಣ್ಣ ಕಣಜಗಳಿಂದ ನಡೆಯುತ್ತದೆಂದು ಇಂದಿನ ಸಸ್ಯಶಾಸ್ತ್ರವೂ ಹೇಳುತ್ತದೆ. ನಾವು ತಿನ್ನದೆ ಬಿಟ್ಟ ಆ ಹಣ್ಣು ಬಿಸಿಲುಗಾಲದಲ್ಲಿ ಹಕ್ಕಿಗಳ ಆಹಾರ. ಫಲವನ್ನು ದಯೆಯಿಂದ ಬಿಟ್ಟವನು ಮರವನ್ನು ಉದಾಸೀನದಿಂದ ಬಿಟ್ಟರೆ ಆ ತ್ಯಾಗವು ಅರ್ಧದಲ್ಲಿಯೇ ನಿಂತಂತೆ. ದೂಧಗಂಗಾ–ವೇದಗಂಗಾ ಸಂಗಮದ ಸಮೀಪದ ಭೋಜ ಗ್ರಾಮದಲ್ಲಿ, ಮುಂದೆ ಆಚಾರ್ಯ ಶಾಂತಿಸಾಗರರೆಂದು ಲೋಕಪೂಜ್ಯರಾದ ಸಾತಗೌಡರು, ತಮ್ಮ ಹೊಲದ ಕಾಳನ್ನು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ನೀರನ್ನೂ ಇರಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಸ್ಮರಿಸಲಾಗುತ್ತದೆ. ಓಡಿಸದಿರುವುದು ವಿರತಿ, ನೀರಿಡುವುದು ಅನುಕಂಪೆ. ಗೃಹಸ್ಥಧರ್ಮಕ್ಕೆ ಎರಡೂ ಬೇಕು.

ಊರ ಮರವು ಒಬ್ಬನದಲ್ಲವಾದ್ದರಿಂದ ಅದರ ರಕ್ಷಣೆಯೂ ಒಬ್ಬನಿಂದ ಆಗದು. ಗೊಮ್ಮಟಸಾರದಲ್ಲಿ ಹಣ್ಣು ತುಂಬಿದ ಮರವನ್ನು ಕಂಡ ಆರು ದಾರಿಗರ ದೃಷ್ಟಾಂತವಿದೆ. ಕೃಷ್ಣಲೇಶ್ಯೆಯವನು ಬೇರುಸಹಿತ ಕೀಳಬಯಸುತ್ತಾನೆ. ಶುಕ್ಲಲೇಶ್ಯೆಯವನು ಉದುರಿದ ಹಣ್ಣೇ ಸಾಕೆನ್ನುತ್ತಾನೆ. ರಸ್ತೆಗೋ ವಿದ್ಯುತ್ ತಂತಿಗೋ ಬಸದಿಯ ಹೊಸ ಕಟ್ಟಡಕ್ಕೋ ಮರ ಅಡ್ಡವಾದಾಗ ಸಮಾಜದ ಸಭೆಯಲ್ಲಿಯೂ ಈ ಆರು ಮಂದಿ ಇರುತ್ತಾರೆ. ಒಂದು ಕೊಂಬೆ ತೆಗೆದರೆ ಸಾಕೇ, ಗೋಡೆಯನ್ನು ಎರಡು ಮೊಳ ಸರಿಸಬಹುದೇ ಎಂದು ಕೇಳುವ ಧ್ವನಿ ಅಲ್ಲಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ಕೆಲವು ಜಾತಿಯ ಮರಗಳನ್ನುಳಿದು, ಸ್ವಂತ ನೆಲದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಅನುಮತಿಯ ಕಾಗದವು ಪಾಪಕ್ಷಯದ ಕಾಗದವಲ್ಲ. ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ದೂರದಿಂದ ನೀರು ಹೊತ್ತು ಆಲದ ಸಾಲನ್ನು ಬೆಳೆಸಿದರು. ಶಾಲೆಯ ಮುಖ ಕಾಣದ ಆ ಕೃಷಿಕೂಲಿ ದಂಪತಿಗಳ ನಿತ್ಯದ ಎಚ್ಚರವು ಶಾಸ್ತ್ರ ಓದಿದವರಿಗೂ ಪಾಠವಾಗಿದೆ.

ಕಾಲಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದು ಹೆಸರು. ಫಾಲ್ಗುಣದ ಅಷ್ಟಾಹ್ನಿಕದಿಂದ ಅಕ್ಷಯ ತೃತೀಯಾದವರೆಗೆ ಪ್ರತಿ ಮನೆಯೂ ಒಂದು ನಿಯಮ ಹಿಡಿಯಬಹುದು: ಎಲೆಯ ರಾಶಿಗೆ ಬೆಂಕಿಯಿಡುವುದಿಲ್ಲ, ಹಸಿಯ ಕೊಂಬೆ ಮುರಿಯುವುದಿಲ್ಲ, ಮಕ್ಕಳಿಂದ ಮುರಿಸುವುದಿಲ್ಲ, ಧಾನ್ಯ ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ, ಬೀದಿಯ ಒಂದು ಎಳೆಯ ಮರಕ್ಕೆ ಹಗಲು ಹೊತ್ತಿನಲ್ಲಿ ಎರೆಯುತ್ತೇವೆ. ಬಸದಿಯ ಪಂಚರು ಮರದ ಬುಡದ ಫರಸಿಯನ್ನು ಎರಡು ಮೊಳ ಬಿಡಿಸಿಕೊಡಲಿ. ಆದಿನಾಥ ಸ್ವಾಮಿಯ ಪಾರಣೆಯನ್ನು ಸ್ಮರಿಸಿ ಕಬ್ಬಿನ ಹಾಲು ಸವಿಯುವ ಆ ದಿನ, ವ್ರತದ ಲೆಕ್ಕದಲ್ಲಿ ಉಪವಾಸಗಳ ಎಣಿಕೆಯ ಜೊತೆಗೆ ಉಳಿದ ಒಂದು ಮರವೂ ಸೇರಲಿ. ಭರತನ ಅಂಗಳದಲ್ಲಿ ನಿಂತವರಿಗೆ ಪ್ರಾಸುಕವಾದ ಬೇರೆ ದಾರಿ ದೊರೆಯಿತು. ತುಳಿಯದೆ ನಿಂತದ್ದರಿಂದಲೇ ಆ ದಾರಿ ತೆರೆಯಿತೆಂಬುದನ್ನು ಶ್ರಾವಕ ಶ್ರಾವಿಕೆಯರು ಮನನ ಮಾಡಲಿ.