ಚಳಿಯ ಕೂಲಿ ಯಾರು ಕೊಡಬೇಕು?

ಸಿನೆಮಾ ಮಾಡುವವರ ಬಾಯಲ್ಲಿ ಒಂದು ಮಾತು ಉಂಟು: ‘ಕಡಿಮೆ ಖರ್ಚಿನ ಚಿತ್ರ’. ಕೇಳಲಿಕ್ಕೆ ಸಾಧುವಾದ ಮಾತು. ದೊಡ್ಡ ಬಂಡವಾಳದವರ ಹಂಗಿಲ್ಲ, ತಾರೆಯರ ದರ್ಬಾರಿಲ್ಲ, ಬಣ್ಣದ ಸೆಟ್ಟುಗಳಿಲ್ಲ. ಒಂದು ಕ್ಯಾಮರಾ, ಒಂದು ಕತೆ, ಹತ್ತಿಪ್ಪತ್ತು ಜನ. ನಾವೂ ಈ ಮಾತನ್ನು ಗೌರವದಿಂದಲೇ ಕೇಳಿದವರು. ಆದರೆ ಕೂಲಿ ಮಾಡಿ ಬದುಕುವವರಿಗೆ ಬದುಕು ಬೇರೆ ಲೆಕ್ಕ ಕಲಿಸಿರುತ್ತದೆ. ತಾರೆಯ ಸಂಭಾವನೆಯನ್ನು ಬಿಟ್ಟರೆ ಅದು ಉಳಿತಾಯ, ಒಪ್ಪುವ. ಕೆಲಸದವನ ಕಂಬಳಿಯನ್ನು ಬಿಟ್ಟರೆ ಅದನ್ನು ಉಳಿತಾಯ ಅಂತ ಹೇಳಲಿಕ್ಕೆ ಆಗ್ತದಾ? ಆ ಖರ್ಚು ಎಲ್ಲಿಯೂ ಮಾಯವಾಗಿಲ್ಲ. ನಿರ್ಮಾಪಕನ ಪುಸ್ತಕದಿಂದ ಇಳಿದು ಇನ್ನೊಬ್ಬನ ಮೈಮೇಲೆ ಹತ್ತಿದೆ, ಅಷ್ಟೆ.

ನಾವು ಸುಳ್ಯ ತಾಲೂಕಿನ ಐವರ್ನಾಡಿನವರು. ಅಡಿಕೆ, ರಬ್ಬರಿನ ಸೀಮೆ ಇದು. ನಮ್ಮಲ್ಲಿ ಚಳಿ ಎಂದರೆ ಧನು ತಿಂಗಳ ನಸುಕಿನ ಒಂದೆರಡು ಗಂಟೆ. ಬಿಸಿಲೇರುವ ಮೊದಲು ರಬ್ಬರಿನ ಹಾಲು ಚೆನ್ನಾಗಿ ಇಳಿಯುವುದರಿಂದ ಆ ಹೊತ್ತಿಗೇ ಟ್ಯಾಪಿಂಗಿಗೆ ಹೋಗಬೇಕು. ಆದರೂ ಅದು ಬಿಸಿಲು ಬಂದರೆ ಬಿಟ್ಟುಹೋಗುವ ಚಳಿ. ಮೂಳೆಗಿಳಿಯುವ ಚಳಿ ಇರುವುದು ಸಂಪಾಜೆ ದಾಟಿ ಮಡಿಕೇರಿ ದಾರಿಯಲ್ಲಿ ಮೇಲಕ್ಕೆ ಹತ್ತಿದರೆ.

ಘಟ್ಟ ಹತ್ತುವುದು ನಮ್ಮವರಿಗೆ ಹೊಸತಲ್ಲ. ಮುಂಗಡ ಹಣ ಪಡೆದು ಕಾಫಿ ತೋಟಕ್ಕೆ ಹತ್ತಿದವರು, ಜ್ವರ ಹೊತ್ತುಕೊಂಡು ಇಳಿದವರು, ಇಳಿಯದೇ ಹೋದವರು ನಮ್ಮ ಹಿರಿಯರು. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು. ಅದರಲ್ಲಿ ಚೋಮ ಸಾಲ ತೀರಿಸಲಿಕ್ಕೆ ತನ್ನ ಮಕ್ಕಳನ್ನು ಕಳಿಸುವುದೂ ಘಟ್ಟದ ಕಾಫಿ ತೋಟಕ್ಕೇ. ಚನಿಯ ತಂದದ್ದು ಜ್ವರ, ಅದರಲ್ಲೇ ಸತ್ತ. ಆ ಕತೆಯನ್ನು ಬಿ.ವಿ. ಕಾರಂತರು ಚಿತ್ರ ಮಾಡಿದ್ದು 1975ರಲ್ಲಿ. ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಜೀತ ಪದ್ಧತಿಯನ್ನು ರದ್ದುಮಾಡುವ ಸುಗ್ರೀವಾಜ್ಞೆ ಹೊರಟದ್ದೂ ಅದೇ ವರ್ಷ; 1976ರಲ್ಲಿ ಅದು ಕಾಯಿದೆಯಾಯಿತು. ಅಂದರೆ ನಮ್ಮ ನೋವು ಬೆಳ್ಳಿತೆರೆಗೂ ಕಾಯಿದೆ ಪುಸ್ತಕಕ್ಕೂ ಒಟ್ಟೊಟ್ಟಿಗೇ ಏರಿತು.

ಈಗ ನಮ್ಮಲ್ಲಿ ಕೆಲವರು ಸಿನೆಮಾದ ಕೂಲಿಗೂ ಘಟ್ಟ ಹತ್ತಿದ್ದುಂಟು. ಯಾವ ಚಿತ್ರ, ಯಾರ ಚಿತ್ರ, ಅದು ಬೇಡ. ಮಂಜು ಇಳಿದಿರುವಾಗ ಚಿತ್ರ ಚಂದ ಬರುತ್ತದೆ. ಹಾಗಾಗಿ ಸೂರ್ಯ ಏಳುವ ಮೊದಲು ಎಲ್ಲ ಸಿದ್ಧವಾಗಿರಬೇಕು. ಇಬ್ಬನಿಯಲ್ಲಿ ನೆನೆದ ಹುಲ್ಲಿನ ಮೇಲೆ ಟ್ರಾಲಿಯ ಹಳಿ ಹೊರಬೇಕು, ಗಾಳಿಗೆ ಹಾರುವ ರಿಫ್ಲೆಕ್ಟರನ್ನು ಮರಗಟ್ಟಿದ ಕೈಯಲ್ಲಿ ಹಿಡಿದು ನಿಲ್ಲಬೇಕು. ಮಂಜು ಸಾಲದಿದ್ದರೆ ಹಸಿಸೊಪ್ಪು ಹೊತ್ತಿಸಿ ಹೊಗೆ ಎಬ್ಬಿಸಬೇಕು. ತಣ್ಣಗಾದ ಲೆನ್ಸನ್ನು ಬೆಚ್ಚಗಿನ ಕೋಣೆಗೆ ತಂದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಬ್ಯಾಟರಿಯೂ ಚಳಿಗೆ ಬೇಗ ಸೋಲುತ್ತದೆ. ಅದಕ್ಕಾಗಿ ಅವುಗಳನ್ನು ಕಂಬಳಿಯಲ್ಲಿ ಸುತ್ತಿಡುತ್ತಾರೆ. ಅದನ್ನು ನಾವು ತಪ್ಪೆನ್ನುವುದಿಲ್ಲ. ಕ್ಯಾಮರಾ ದಿನಬಾಡಿಗೆಯದ್ದು, ಅದಕ್ಕೊಬ್ಬ ಯಜಮಾನ ಉಂಟು, ಕೆಟ್ಟರೆ ಅವನು ಕೇಳುತ್ತಾನೆ. ನಮ್ಮ ಎದೆಯಲ್ಲಿ ಕಫ ಕಟ್ಟಿದರೆ ಕೇಳಲಿಕ್ಕೆ ಯಾರಿದ್ದಾರೆ?

ಇನ್ನು ಬಡವನ ಪಾತ್ರ. ಬಡವನೆಂದು ಕಾಣಬೇಕಾದರೆ ಬರಿಮೈ ಬೇಕಂತೆ. ಹೊರಗಿನಿಂದ ನಟರನ್ನು ತಂದರೆ ಖರ್ಚು, ಊರ ಬಡವನನ್ನೇ ನಿಲ್ಲಿಸಿದರೆ ಆ ಖರ್ಚಿಲ್ಲ. ನಡುಗುವವನನ್ನು ನೋಡಿ ‘ನ್ಯಾಚುರಲ್ಲಾಗಿ ಬಂತು’ ಅಂತಾರೆ. ನ್ಯಾಚುರಲ್ಲೇ ಮಾರಾಯರೇ, ಅದರಲ್ಲಿ ಅಭಿನಯ ಎಂತದ್ದು? ನಾಲ್ಕನೇ ಟೇಕಿಗೂ ಅದೇ ನಡುಕ ಬರುತ್ತದೆ, ಅದಕ್ಕೆ ರಿಹರ್ಸಲ್ ಬೇಡ.

ಇಷ್ಟು ಹೇಳಿ ನಿರ್ದೇಶಕನನ್ನು ಜಮೀನ್ದಾರನ ಸಾಲಿಗೆ ಸೇರಿಸಿಬಿಟ್ಟರೆ ನಾವು ಸುಳ್ಳು ಹೇಳಿದ ಹಾಗಾಗುತ್ತದೆ. ಅವನೂ ಅದೇ ಚಳಿಯಲ್ಲಿ ನಿಂತಿದ್ದ. ಅದೇ ಕಪ್ಪು ಚಾ ಕುಡಿದ. ಅವನ ಹೆಂಡತಿಯ ಬಳೆ ಅಡವಿಗೆ ಹೋಗಿರಲೂಬಹುದು. ಅವನ ಕಷ್ಟ ನಿಜ. ಆದರೆ ಒಂದೇ ಚಳಿಯಲ್ಲಿ ನಿಂತ ಮಾತ್ರಕ್ಕೆ ಇಬ್ಬರೂ ಸಮಾನರಾಗುತ್ತಾರೆಯೇ? ಅವನು ಚಳಿಯನ್ನು ಆರಿಸಿಕೊಂಡವನು. ಚಿತ್ರ ಸೋತರೆ ಅವನಿಗೆ ಒಂದು ಸೋಲಿನ ಕತೆಯಾದರೂ ಸಿಕ್ಕುತ್ತದೆ, ಗೆದ್ದರೆ ಹೆಸರು. ನಾವು ಆ ದಿನ ಬೇರೆ ಕೆಲಸ ಇಲ್ಲದೆ ಹೋದವರು. ಚಿತ್ರ ಗೆಲ್ಲಲಿ, ಸೋಲಲಿ, ನಮಗೆ ಉಳಿಯುವುದು ಆ ದಿನದ ಕೂಲಿ, ಅದೂ ಕೊಟ್ಟರೆ. ತ್ಯಾಗ ಮಾಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಇನ್ನೊಬ್ಬನ ಕೈಯಲ್ಲಿ ತ್ಯಾಗ ಮಾಡಿಸುವ ಹಕ್ಕು ಯಾರಿಗೂ ಇಲ್ಲ.

‘ಅವರು ಒಪ್ಪಿ ಬಂದವರಲ್ವಾ, ಒತ್ತಾಯ ಮಾಡಿದ್ದು ಯಾರು?’ ಎಂಬ ಉತ್ತರ ನಮಗೆ ಗೊತ್ತು. ಹಳೆಯ ಧಣಿಗಳೂ ಇದನ್ನೇ ಹೇಳುತ್ತಿದ್ದರು. ಚೋಮನೂ ಒಪ್ಪಿಯೇ ಮಕ್ಕಳನ್ನು ಕಳಿಸಿದ್ದು. ಈ ಉತ್ತರದ ಪೊಳ್ಳುತನವನ್ನು 1982ರಲ್ಲಿ ಸುಪ್ರೀಂ ಕೋರ್ಟೇ ತೋರಿಸಿತು. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕೂಲಿಗಳ ಮೊಕದ್ದಮೆ ಅದು. ಕನಿಷ್ಠ ಕೂಲಿಗಿಂತ ಕಡಿಮೆಗೆ ಯಾರೂ ಮನಸಾರೆ ದುಡಿಯುವುದಿಲ್ಲ. ಹಸಿವಿನಿಂದ, ಬಡತನದಿಂದ ಒಪ್ಪಿಕೊಂಡದ್ದೂ ಒತ್ತಾಯದ ದುಡಿಮೆಯೇ. ಸಂವಿಧಾನದ 23ನೆಯ ವಿಧಿ ಅದನ್ನು ನಿಷೇಧಿಸಿದೆ. ಆ ತೀರ್ಪಿನ ತಿರುಳು ಇದು. ಹಗ್ಗದಲ್ಲಿ ಕಟ್ಟಿ ದುಡಿಸಿದರೆ ಮಾತ್ರ ಬಿಟ್ಟಿ ಚಾಕರಿ ಎಂದು ತಿಳಿದವರು ಇದನ್ನು ಎರಡು ಸಲ ಓದಬೇಕು.

ಇದು ನಮ್ಮ ನಾಡಿನ ಕತೆ ಮಾತ್ರವಲ್ಲ. ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ ಸ್ಟುಡಿಯೋ ಬಿಟ್ಟು ಬೀದಿಗಿಳಿದು ಚಿತ್ರ ಮಾಡಿದವರಿದ್ದರು. ಅವರಲ್ಲೊಬ್ಬರಾದ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ 1948ರಲ್ಲಿ ಬಂತು. ಸೈಕಲ್ ಕಳಕೊಂಡು ಕೆಲಸವನ್ನೂ ಕಳಕೊಳ್ಳುವ ಬಡವನ ಕತೆ. ನಾಯಕನಾಗಿ ನಿಂತವನು ಲಾಂಬೆರ್ತೊ ಮಜ್ಜೊರಾನಿ, ನಿಜವಾಗಿಯೂ ಒಬ್ಬ ಕಾರ್ಖಾನೆ ಕಾರ್ಮಿಕ. ಚಿತ್ರ ಲೋಕಪ್ರಸಿದ್ಧವಾಯಿತು. ಅವನು ಕಾರ್ಖಾನೆಗೆ ಮರಳಿದ, ಆಮೇಲೆ ಅವನ ಕೆಲಸ ಹೋಯಿತು. ನಿರುದ್ಯೋಗಿಯ ಪಾತ್ರ ಮಾಡಿದವನು ನಿರುದ್ಯೋಗಿಯಾದ. ಆ ಚಿತ್ರ ದೊಡ್ಡದೆಂಬುದನ್ನು ಇದು ಸುಳ್ಳು ಮಾಡುವುದಿಲ್ಲ. ಆದರೆ ದೊಡ್ಡ ಕಲೆ ಹುಟ್ಟಿತು ಎಂಬುದರಿಂದ ಅದರ ಸಾಲವೆಲ್ಲ ತೀರಿತು ಎಂದಾಗುವುದಿಲ್ಲ.

ಹಾಗಾದರೆ ಬಡ ಚಿತ್ರಗಳು ಬೇಡವೇ? ಬೇಕು. ನಮಗೇ ಹೆಚ್ಚು ಬೇಕು. ಕೋಟಿ ಇದ್ದವರು ಮಾತ್ರ ಚಿತ್ರ ಮಾಡುವುದಾದರೆ ನಮ್ಮ ಕೇರಿಯ ಕತೆ ಯಾವ ತೆರೆಗೆ ಬಂದೀತು? ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ‘ಸಂಸ್ಕಾರ’ ತೆಗೆದವರ ಹತ್ತಿರವೂ ದೊಡ್ಡ ಹಣವಿರಲಿಲ್ಲ. 1970ರಲ್ಲಿ ಆ ಚಿತ್ರವನ್ನು ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ಸ್ವರ್ಣಕಮಲ ಬಂತು. ಅಗ್ರಹಾರದ ಸತ್ಯವನ್ನು ಅಗ್ರಹಾರದ ಮುಂದೆಯೇ ಹೇಳಲಿಕ್ಕೆ ಹಣಕ್ಕಿಂತ ಎದೆಗಾರಿಕೆ ಬೇಕಿತ್ತು. ಆ ದಾರಿಯನ್ನು ಮುಚ್ಚಬೇಕೆಂದು ನಾವು ಹೇಳುತ್ತಿಲ್ಲ. ಬಡತನವನ್ನು ಹಂಚುವ ಕ್ರಮದ ಬಗ್ಗೆ ಮಾತ್ರ ನಮ್ಮ ತಕರಾರು.

ಹಣ ಸಾಲದಿದ್ದಾಗ ಯಾರದ್ದು ಮೊದಲು ಕಡಿತವಾಗಬೇಕು? ಈಗ ನಡೆಯುವುದು ಕೆಳಗಿನಿಂದ: ಹೊರುವವನ ಕೂಲಿ, ಬೇಯಿಸುವವಳ ಕೂಲಿ, ಗುಂಪಿನಲ್ಲಿ ನಿಂತವರ ಊಟ. ಇದು ತಲೆಕೆಳಗಾಗಬೇಕು. ‘ಇಲ್ಲ, ಬರುವುದಿಲ್ಲ’ ಎಂದು ಹೇಳುವ ಶಕ್ತಿ ಯಾರಿಗೆ ಅತಿ ಕಡಿಮೆಯೋ ಅವನ ಲೆಕ್ಕ ಮೊದಲು ಚುಕ್ತಾ ಆಗಬೇಕು. ಆರಿಸಿಕೊಂಡು ಬಂದವನು ಕೊನೆಗೆ ತೆಗೆದುಕೊಳ್ಳಲಿ. ಸಿನೆಮಾ ಕೆಲಸಗಾರನೊಂದಿಗೆ ಲಿಖಿತ ಒಪ್ಪಂದ ಇರಬೇಕೆಂದು 1981ರಲ್ಲೇ ಕಾಯಿದೆ ಬಂದಿತ್ತು. ಈಗ ಅದನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಕಾಯಿದೆ ಘಟ್ಟ ಹತ್ತುವುದು ನಿಧಾನ ಎಂದು ನಮಗೆ ಗೊತ್ತುಂಟು. ಆದ್ದರಿಂದ ಜೀಪು ಹತ್ತುವ ಮೊದಲೇ ನಾವು ಕೇಳಬೇಕು: ದಿನಕ್ಕೆ ಎಷ್ಟು? ಎಷ್ಟು ಗಂಟೆ? ಕಂಬಳಿ ಉಂಟಾ? ಜ್ವರ ಬಂದರೆ ಮದ್ದು ಯಾರದ್ದು? ತಿರುಗಿ ಬರಲಿಕ್ಕೆ ಗಾಡಿ ಯಾರದ್ದು? ಕೊನೆಯ ಪಟ್ಟಿಯಲ್ಲಿ ನಮ್ಮ ಹೆಸರು ಉಂಟಾ?

ಒಬ್ಬನೇ ಕೇಳಿದರೆ ನಾಳೆ ಬೇರೆಯವನನ್ನು ಕರೆಯುತ್ತಾರೆ. ಹತ್ತು ಜನ ಒಟ್ಟಾಗಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಹಾಗೆ ಕೇಳಿಸಿಕೊಂಡು, ಉತ್ತರ ಕೊಟ್ಟು, ಆಮೇಲೆ ತೆಗೆದ ಬಡ ಚಿತ್ರವನ್ನು ನಮ್ಮದೆಂದೇ ಹೇಳಿಕೊಳ್ಳುತ್ತೇವೆ. ಅದಕ್ಕಾಗಿ ಯಾವ ಚಳಿಯಲ್ಲಾದರೂ ಹಳಿ ಹೊರುತ್ತೇವೆ.